ಹೋಮೋಸಿಸ್ಟೀನ್ ಮತ್ತು ಹೃದಯ: ಅಮ್ಮನ ರಿಪೋರ್ಟ್ ಕಲಿಸಿದ ಪಾಠ

(ಮಹಿಳಾ ವೇದಿಕೆಯ ಆರೋಗ್ಯ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಆರೋಗ್ಯದ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದು ಕೇಳಿದಾಗ ನಾನು ಮೊದಲು ಬೇಡ ಅಂದೆ. ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಓದಿ, ಕಂಪನಿಯೊಂದರಲ್ಲಿ ಸರ್ವರ್‌ಗಳ ಮೇಲೆ ಕಣ್ಣಿಡುವ ಕೆಲಸ ಮಾಡುವವಳು. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಘಟನೆ ನಡೆಯಿತು. ಅದರಲ್ಲಿ ತಪ್ಪು ನನ್ನದೂ ಇತ್ತು. ಆ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ ಎಂದು ಇಂದು ನಿಂತಿದ್ದೇನೆ. ಔಷಧದ ಸಲಹೆ ಕೊಡಲು ಬಂದಿಲ್ಲ. ಅದನ್ನು ನಿಮ್ಮ ಡಾಕ್ಟರ್ ಕೊಡಬೇಕು.

2025ರ ಜೂನ್, ಜುಲೈ ತಿಂಗಳು ನಿಮಗೆಲ್ಲ ನೆನಪಿರಬಹುದು. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಎಲ್ಲ ವಾಹಿನಿಗಳಲ್ಲೂ ಬರುತ್ತಿತ್ತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬೆಳಗಿನ ಜಾವದಿಂದಲೇ ಸಾಲು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಹೀಗೇ ಆಗಿತ್ತು. ನಮ್ಮ ತವರು ಹಾಸನ. ಅಮ್ಮ ಆಗ ಗುರುಗ್ರಾಮದಲ್ಲಿ ನಮ್ಮ ಜೊತೆಗಿದ್ದರು. ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ದಿನಾ ಒಂದು ಫೋಟೊ, ಕೆಳಗೆ ‘ಓಂ ಶಾಂತಿ’. ಅದನ್ನು ನೋಡಿ ನೋಡಿ ಅಮ್ಮನಿಗೆ ರಾತ್ರಿ ನಿದ್ದೆ ಹೋಯಿತು. ಅವರಿಗೆ ಅರವತ್ನಾಲ್ಕು ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ. ಕೊಲೆಸ್ಟ್ರಾಲಿಗೆ ಒಂದು ಮಾತ್ರೆ, ಗ್ಯಾಸಿಗೆ ಇನ್ನೊಂದು. ಜೊತೆಗೆ ಒಂದು ವರ್ಷದಿಂದ ಪಾದ ಜೋಮು ಹಿಡಿದಂತೆ ಇರುತ್ತದೆ ಎಂಬ ದೂರು. ಸಕ್ಕರೆ ಕಾಯಿಲೆಯವರಿಗೆ ಅದು ಇದ್ದದ್ದೇ ಎಂದು ನಾವೆಲ್ಲ ಸುಮ್ಮನಿದ್ದೆವು.

ಅಮ್ಮನ ಸಮಾಧಾನಕ್ಕೆಂದು ಆ್ಯಪ್‌ನಲ್ಲಿ ‘ಹೃದಯ ಪ್ಯಾಕೇಜ್’ ಒಂದನ್ನು ಬುಕ್ ಮಾಡಿದೆ. ಬೆಳಿಗ್ಗೆ ಆರೂವರೆಗೆ ಹುಡುಗ ಬಂದು ರಕ್ತ ತೆಗೆದುಕೊಂಡು ಹೋದ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಅದರಲ್ಲಿ ಒಂದು ಸಾಲು ಕಡುಗೆಂಪು: ಹೋಮೋಸಿಸ್ಟೀನ್ 42. ಪಕ್ಕದಲ್ಲಿ ‘15ರೊಳಗೆ ಇರಬೇಕು’. ಕೆಳಗೆ ‘ಹೃದ್ರೋಗದ ಅಪಾಯ ಸೂಚಕ’ ಎಂಬ ಟಿಪ್ಪಣಿ.

“ಏನೇ ಇದು, ಇಷ್ಟು ಕೆಂಪಗಿದೆ?” ಎಂದರು ಅಮ್ಮ.

ನನಗೂ ಗೊತ್ತಿರಲಿಲ್ಲ. ಆ ರಾತ್ರಿಯಿಂದ ಓದಲು ಕೂತೆ. ಓದಿ ತಿಳಿದದ್ದನ್ನು ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ.

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಇದೆ. ದೇಹ ಅದನ್ನು ಬಳಸಿಕೊಳ್ಳುವಾಗ ನಡುವೆ ಹುಟ್ಟುವ ವಸ್ತುವೇ ಹೋಮೋಸಿಸ್ಟೀನ್. ಅದು ಹೊರಗಿನಿಂದ ಬಂದ ವಿಷವಲ್ಲ. ನಮ್ಮೆಲ್ಲರ ದೇಹದಲ್ಲೂ ಪ್ರತಿ ಕ್ಷಣ ಹುಟ್ಟುತ್ತದೆ, ಖರ್ಚಾಗುತ್ತದೆ. ಪಾತ್ರೆ ತೊಳೆಯುವ ಸಿಂಕ್ ಅಂದುಕೊಳ್ಳಿ. ನಲ್ಲಿಯಿಂದ ನೀರು ಸದಾ ಬೀಳುತ್ತಿದೆ. ಕೆಳಗೆ ಎರಡು ಪೈಪು. ಮೊದಲನೆಯ ಪೈಪು ಹೋಮೋಸಿಸ್ಟೀನನ್ನು ತಿರುಗಿ ಮೆಥಿಯೊನಿನ್ ಮಾಡುತ್ತದೆ. ಅದು ತೆರೆದಿರಲು ಫೋಲೇಟ್ ಮತ್ತು ಬಿ12 ಎರಡೂ ಬೇಕು. ಎರಡನೆಯ ಪೈಪು ಅದನ್ನು ಸಿಸ್ಟೀನ್ ಎಂಬ ಇನ್ನೊಂದು ವಸ್ತುವಾಗಿ ಮಾಡಿ ಸಾಗಿಸುತ್ತದೆ; ಅದಕ್ಕೆ ಬಿ6 ಬೇಕು. ಯಾವುದಾದರೂ ಪೈಪು ಕಟ್ಟಿಕೊಂಡರೆ ಸಿಂಕಿನಲ್ಲಿ ನೀರು ಏರುತ್ತದೆ. ರಿಪೋರ್ಟಿನಲ್ಲಿ ಕಾಣುವ ಸಂಖ್ಯೆ ಆ ನೀರಿನ ಮಟ್ಟ, ಅಷ್ಟೆ. ಲೀಟರಿಗೆ 5ರಿಂದ 15 ಮೈಕ್ರೊಮೋಲ್ ಇದ್ದರೆ ಸಾಮಾನ್ಯ. 15ರಿಂದ 30 ಸ್ವಲ್ಪ ಹೆಚ್ಚು, 30ರಿಂದ 100 ಮಧ್ಯಮ, 100 ದಾಟಿದರೆ ತೀವ್ರ ಎನ್ನುತ್ತಾರೆ.

ಇದಕ್ಕೂ ಹೃದಯಕ್ಕೂ ಗಂಟು ಬಿದ್ದದ್ದು ಹೇಗೆ? ಅಮೆರಿಕದ ವಿಜ್ಞಾನಿ ವಿನ್ಸೆಂಟ್ ದು ವಿನ್ಯೊ 1932ರಲ್ಲೇ ಹೋಮೋಸಿಸ್ಟೀನನ್ನು ಗುರುತಿಸಿದ್ದರು; ಗಂಧಕವಿರುವ ಜೀವರಾಸಾಯನಿಕಗಳ ಮೇಲಿನ ಕೆಲಸಕ್ಕೆ ಅವರಿಗೆ 1955ರಲ್ಲಿ ನೊಬೆಲ್ ಬಂತು. 1962ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ವೈದ್ಯರು ಕೆಲವು ಮಕ್ಕಳ ಮೂತ್ರದಲ್ಲಿ ಇದರದೇ ಒಂದು ರೂಪವನ್ನು ಕಂಡು, ಹೋಮೋಸಿಸ್ಟಿನ್ಯೂರಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಯನ್ನು ಗುರುತಿಸಿದರು. ಎರಡನೆಯ ಪೈಪೇ ಹುಟ್ಟಿನಿಂದ ಕೆಟ್ಟಿರುವ ಕಾಯಿಲೆ ಅದು.

ಆಮೇಲೆ ಬಾಸ್ಟನ್ ನಗರದ ಕಿಲ್ಮರ್ ಮೆಕಲ್ಲಿ ಎಂಬ ರೋಗಶಾಸ್ತ್ರಜ್ಞರು ಎರಡು ಮಕ್ಕಳ ಸಾವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದು, 1933ರಲ್ಲಿ ಪಾರ್ಶ್ವವಾಯುವಿನಿಂದ ಸತ್ತ ಎಂಟು ವರ್ಷದ ಹುಡುಗ. ಇನ್ನೊಂದು, ಎರಡು ತಿಂಗಳ ಕೂಸು. ಇಬ್ಬರ ರಕ್ತನಾಳಗಳೂ ಮುದುಕರ ರಕ್ತನಾಳಗಳಂತೆ ಗಡುಸಾಗಿದ್ದವು. ವಿಶೇಷವೆಂದರೆ ಇಬ್ಬರ ದೇಹದ ದೋಷ ಬೇರೆ ಬೇರೆ. ಹುಡುಗನದು ಒಂದು ಪೈಪಿನ ತೊಂದರೆ, ಕೂಸಿನದು ಬಿ12 ಕೆಲಸ ಮಾಡುವ ಇನ್ನೊಂದು ಪೈಪಿನ ತೊಂದರೆ. ಇಬ್ಬರಲ್ಲೂ ಸಮಾನವಾಗಿ ಇದ್ದದ್ದು ಹೋಮೋಸಿಸ್ಟೀನ್ ಏರಿಕೆ. ನಮ್ಮ ಕೆಲಸದಲ್ಲೂ ಹೀಗೇ ತರ್ಕ ಮಾಡುತ್ತೇವೆ: ಎರಡು ಬೇರೆ ದೋಷಗಳು ಒಂದೇ ಪರಿಣಾಮ ಕೊಟ್ಟರೆ, ಎರಡರಲ್ಲೂ ಸಾಮಾನ್ಯವಾಗಿರುವುದನ್ನು ಹಿಡಿ. ರಕ್ತನಾಳ ಕೆಡಿಸುವುದು ಹೋಮೋಸಿಸ್ಟೀನೇ ಎಂದು ಅವರು 1969ರಲ್ಲಿ ಬರೆದರು. ಆಗ ಎಲ್ಲರ ಗಮನ ಕೊಲೆಸ್ಟ್ರಾಲ್ ಮೇಲಿತ್ತು. ಅವರ ಮಾತು ಬದಿಗೆ ಸರಿಯಿತು, ಮುಂದೆ ಅವರ ಪ್ರಯೋಗಾಲಯವೂ ಕೈತಪ್ಪಿತು.

ಎರಡು ದಶಕ ಕಳೆದ ಮೇಲೆ ಗಾಳಿ ತಿರುಗಿತು. ಹೃದಯಾಘಾತ, ಪಾರ್ಶ್ವವಾಯು ಆದವರಲ್ಲಿ ಹೋಮೋಸಿಸ್ಟೀನ್ ಹೆಚ್ಚಿರುತ್ತದೆ ಎಂದು ಒಂದರ ಮೇಲೊಂದು ಅಧ್ಯಯನ ಹೇಳಿತು. ಅವನ್ನೆಲ್ಲ ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹೋಮೋಸಿಸ್ಟೀನ್ ಶೇ. 25ರಷ್ಟು ಕಡಿಮೆ ಇರುವವರಲ್ಲಿ ಹೃದ್ರೋಗದ ಅಪಾಯ ಸುಮಾರು ಶೇ. 11, ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 19 ಕಡಿಮೆ. ಆ ರಾತ್ರಿ ನಾನು ಓದಿದ್ದು ಇಲ್ಲಿಯವರೆಗೆ. ಇಷ್ಟು ಓದಿ ನಿಲ್ಲಿಸಿದ್ದೇ ನನ್ನ ಮೊದಲ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಮರುದಿನ ಡಾಕ್ಟರ್ ಹತ್ತಿರ ಹೋದೆವು. ಅವರು ಹೋಮೋಸಿಸ್ಟೀನ್ ಸಾಲನ್ನು ಬಿಟ್ಟು ಕೆಳಗಿನ ಸಾಲಿಗೆ ಬೆರಳಿಟ್ಟರು. ಬಿ12, 130. ಅಮ್ಮನ ಪಾದದ ಜೋಮಿನ ಬಗ್ಗೆ ಕೇಳಿದರು. ಏನೇನು ಮಾತ್ರೆ ಎಂದು ಕೇಳಿದರು. ಸಕ್ಕರೆಗೆ ಮೆಟ್‌ಫಾರ್ಮಿನ್, ಹತ್ತು ವರ್ಷ. ಗ್ಯಾಸ್ ಮಾತ್ರೆ, ಐದಾರು ವರ್ಷ. ಊಟ ಸಸ್ಯಾಹಾರ. “ಮೂರೂ ಒಟ್ಟಿಗೆ ಸೇರಿದೆ” ಎಂದರು. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. ಇನ್ನು ಬಿ12 ಗಿಡಮರಗಳಲ್ಲಿ ಇಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ನಮಗೆ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದ ಮೂಲಕ. ಅಮ್ಮನ ಸಿಂಕಿನಲ್ಲಿ ಕಟ್ಟಿದ್ದ ಪೈಪು ಯಾವುದೆಂದು ಹೀಗೆ ಗೊತ್ತಾಯಿತು.

ಇದು ಅಮ್ಮನೊಬ್ಬರ ಕಥೆಯಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ ಹಳ್ಳಿಯವರು, ಕೊಳೆಗೇರಿಯವರು, ನಗರದ ಮಧ್ಯಮ ವರ್ಗದವರು ಹೀಗೆ ಒಟ್ಟು 441 ಜನ ನಡುವಯಸ್ಸಿನ ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 67 ಜನರಲ್ಲಿ ಬಿ12 ಕಡಿಮೆ, ಶೇ. 58 ಜನರಲ್ಲಿ ಹೋಮೋಸಿಸ್ಟೀನ್ 15ಕ್ಕಿಂತ ಹೆಚ್ಚು. ಕೊರತೆ ಅತಿ ಹೆಚ್ಚು ಇದ್ದದ್ದು ಬಡವರಲ್ಲಿ ಅಲ್ಲ, ನಗರದ ಮಧ್ಯಮ ವರ್ಗದಲ್ಲಿ: ಶೇ. 81. ಅಂದರೆ ನಮ್ಮಂಥವರಲ್ಲಿ. ಅವರಲ್ಲಿ ಫೋಲೇಟ್ ಕೊರತೆ ಮಾತ್ರ ತೀರ ಕಡಿಮೆ ಇತ್ತು. ಪಾಶ್ಚಾತ್ಯರಲ್ಲಿ ಹೋಮೋಸಿಸ್ಟೀನ್ ಎಂದರೆ ಫೋಲೇಟ್ ಎಂಬ ಮಾತು ಹೆಚ್ಚು; ನಮ್ಮಲ್ಲಿ ಸೊಪ್ಪು, ಕಾಳು ತಿನ್ನುವ ರೂಢಿ ಇರುವುದರಿಂದ ಮೊದಲು ನೋಡಬೇಕಾದದ್ದು ಬಿ12.

ಅದು ಗಂಡಸರ ಲೆಕ್ಕವಾಯಿತು. ಹೆಂಗಸರ ಮಾತೇನು? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 366 ಗರ್ಭಿಣಿಯರೊಂದಿಗೆ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 50 ಮೈಕ್ರೊಗ್ರಾಂ ಬಿ12 ಮಾತ್ರೆ, ಉಳಿದವರಿಗೆ ಅದೇ ಥರ ಕಾಣುವ ಖಾಲಿ ಮಾತ್ರೆ. ಹೆರಿಗೆಯಾಗಿ ಆರು ವಾರದವರೆಗೆ. ಬಿ12 ತೆಗೆದುಕೊಂಡ ತಾಯಂದಿರ ರಕ್ತದಲ್ಲಿ, ಎದೆಹಾಲಿನಲ್ಲಿ ಬಿ12 ಏರಿತು. ಅವರ ಕೂಸುಗಳ ರಕ್ತದಲ್ಲೂ ಬಿ12 ಹೆಚ್ಚು, ಹೋಮೋಸಿಸ್ಟೀನ್ ಕಡಿಮೆ. ತಾಯಿಯ ಕೊರತೆ ಮಗುವಿಗೆ ದಾಟುತ್ತದೆ, ತಾಯಿಗೆ ಕೊಟ್ಟದ್ದೂ ಮಗುವಿಗೆ ದಾಟುತ್ತದೆ ಎಂಬುದು ಇದರಿಂದ ಸ್ಪಷ್ಟ. ಇಲ್ಲಿ ಕೂತಿರುವ ಎಳೆಯ ತಾಯಂದಿರು, ತಾಯಿಯಾಗಲು ಯೋಚಿಸುತ್ತಿರುವವರು ಇದನ್ನು ಗಮನಿಸಬೇಕು. ಗರ್ಭಿಣಿಯರಿಗೆ ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ, ಅದು ಬೇಕೇ ಬೇಕು. ಆದರೆ ಬಿ12 ಕೊರತೆ ಇದ್ದವರು ಬರೀ ಫೋಲಿಕ್ ಆಮ್ಲ ತೆಗೆದುಕೊಂಡರೆ ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೆ ಮುಂದುವರಿಯುತ್ತದೆ. ಹಾಗಾಗಿ ಬಿ12 ಕೂಡ ನೋಡಿ ಎಂದು ಡಾಕ್ಟರ್‌ಗೆ ಹೇಳಲು ಸಂಕೋಚ ಬೇಡ.

ಮತ್ತೆ ಅಮ್ಮನ ಕಥೆಗೆ ಬರುತ್ತೇನೆ. ಇಂಜೆಕ್ಷನ್ ಶುರುವಾಯಿತು, ಆಮೇಲೆ ಮಾತ್ರೆ. ಅಕ್ಟೋಬರ್‌ನಲ್ಲಿ ಮತ್ತೆ ಪರೀಕ್ಷೆ. ಹೋಮೋಸಿಸ್ಟೀನ್ 13! ರಿಪೋರ್ಟಿನಲ್ಲಿ ಹಸಿರು. ಪಾದದ ಜೋಮು ಅರ್ಧಕ್ಕರ್ಧ ಕಡಿಮೆಯಾಗಿತ್ತು. ನನಗಾದ ಸಂತೋಷಕ್ಕೆ ಮನೆಯವರೆಲ್ಲರ ಗುಂಪಿಗೆ ರಿಪೋರ್ಟಿನ ಫೋಟೊ ಹಾಕಿ, ‘ಅಮ್ಮನ ಹಾರ್ಟ್ ರಿಪೋರ್ಟ್ ಈಗ ಪೂರ್ತಿ ಹಸಿರು’ ಎಂದು ಬರೆದೆ. ಇದು ಎರಡನೆಯ ತಪ್ಪು.

ಅಮ್ಮ ದೀಪಾವಳಿ ಮುಗಿಸಿಕೊಂಡು ಊರಿಗೆ ಹೋದರು, ಜನವರಿಯಲ್ಲಿ ಮತ್ತೆ ಬಂದರು. ಬಂದ ಮೂರನೆಯ ದಿನ ಬೆಳಿಗ್ಗೆ ದೇವರ ಮನೆಯಿಂದ ಎದ್ದವರು ತಲೆ ಸುತ್ತುತ್ತಿದೆ ಎಂದು ಗೋಡೆ ಹಿಡಿದು ನಿಂತರು. ಕ್ಲಿನಿಕ್ಕಿಗೆ ಕರೆದೊಯ್ದರೆ ಬಿಪಿ 190/110. ಮಾತ್ರೆ ತಗೋತಿದೀರಾ ಎಂದು ಡಾಕ್ಟರ್ ಕೇಳಿದರು. ಅಮ್ಮ ನನ್ನ ಮುಖ ನೋಡಿದರು.

“ಬಿಪಿದು, ಕೊಲೆಸ್ಟ್ರಾಲಿಂದು ಬಿಟ್ಟು ಎರಡು ತಿಂಗಳಾಯ್ತು ಕಣೇ. ನೀನೇ ಹೇಳ್ಲಿಲ್ವೇನೇ, ಹಾರ್ಟಿಂದು ಎಲ್ಲ ಸರಿಹೋಯ್ತು ಅಂತ? ಸುಮ್ನೆ ಯಾಕೆ ಅಷ್ಟೊಂದು ಮಾತ್ರೆ ನುಂಗೋದು ಅಂತ ಬಿಟ್ಟೆ.”

ಗ್ಯಾಸ್ ಮಾತ್ರೆಯನ್ನು ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ.

ಆ ದಿನ ಪಾರ್ಶ್ವವಾಯು ಆಗಲಿಲ್ಲ. ಆಗಬಹುದಿತ್ತು. ಇಡೀ ದಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ನಾನು ಯೋಚಿಸಿದ್ದು ಒಂದೇ: ಕಂಪನಿಯಲ್ಲಿ ನನ್ನ ಕೈಕೆಳಗಿನ ಹುಡುಗರಿಗೆ ದಿನಾ ಹೇಳುವ ಪಾಠವನ್ನು ಮನೆಯಲ್ಲಿ ಮರೆತೆ. ಸರ್ವರ್ ಬಿಸಿಯಾದರೆ ಪರದೆಯ ಮೇಲೆ ಕೆಂಪು ದೀಪ ಬರುತ್ತದೆ. ದೀಪ ಹಸಿರಾಗುವ ಹಾಗೆ ಏನೋ ಮಾಡಿದೆವು ಎಂದರೆ ಸರ್ವರ್ ಸರಿಯಾಯಿತು ಎಂದಲ್ಲ. ದೀಪ ಯಾಕೆ ಬಂತು, ದೀಪಕ್ಕೂ ತೊಂದರೆಗೂ ಏನು ಸಂಬಂಧ ಎಂದು ನೋಡಬೇಕು. ಜೊತೆಗೆ ಇರುವುದೆಲ್ಲ ಕಾರಣವಲ್ಲ. ಮಳೆ ಬರುವಾಗ ಎಲ್ಲರ ಕೈಯಲ್ಲೂ ಕೊಡೆ ಇರುತ್ತದೆ. ಕೊಡೆ ಮಡಚಿದರೆ ಮಳೆ ನಿಲ್ಲುವುದಿಲ್ಲ.

ಆಮೇಲೆ ನಾನು ಅರ್ಧಕ್ಕೆ ಬಿಟ್ಟ ಓದನ್ನು ಮುಂದುವರಿಸಿದೆ. ಹೋಮೋಸಿಸ್ಟೀನ್ ಇಳಿಸಿದರೆ ಹೃದಯಾಘಾತ ತಪ್ಪುತ್ತದೆಯೇ ಎಂದು ವಿಜ್ಞಾನಿಗಳು ನೇರವಾಗಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2006ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಹೋಪ್-2 ಎಂಬ ಪ್ರಯೋಗದಲ್ಲಿ ರಕ್ತನಾಳದ ಕಾಯಿಲೆ ಅಥವಾ ಮಧುಮೇಹ ಇದ್ದ, 55 ದಾಟಿದ 5,522 ಜನ. ಅರ್ಧ ಜನರಿಗೆ ಫೋಲಿಕ್ ಆಮ್ಲ, ಬಿ6, ಬಿ12. ಉಳಿದ ಅರ್ಧಕ್ಕೆ ಖಾಲಿ ಮಾತ್ರೆ. ಸರಾಸರಿ ಐದು ವರ್ಷ. ವಿಟಮಿನ್ ಪಡೆದವರಲ್ಲಿ ಹೋಮೋಸಿಸ್ಟೀನ್ ಇಳಿಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಮೂರನ್ನೂ ಸೇರಿಸಿ ನೋಡಿದರೆ ಒಂದು ಕಡೆ ಶೇ. 18.8, ಇನ್ನೊಂದು ಕಡೆ ಶೇ. 19.8. ಹೆಚ್ಚು ಕಡಿಮೆ ಒಂದೇ. ನಾರ್ವೆಯಲ್ಲಿ ಹೃದಯಾಘಾತ ಆಗಿದ್ದ 3,749 ಜನರ ಮೇಲಿನ ಪ್ರಯೋಗವೂ ಅದನ್ನೇ ಹೇಳಿತು. ಸಂಖ್ಯೆ ಇಳಿಯಿತು, ಆಘಾತ ಇಳಿಯಲಿಲ್ಲ.

ಪಾರ್ಶ್ವವಾಯುವಿನ ಮಾತು ಸ್ವಲ್ಪ ಬೇರೆ. ಹೋಪ್-2ರಲ್ಲೇ ಅದು ಒಂದಿಷ್ಟು ಕಡಿಮೆಯಾಗಿತ್ತು. 2015ರಲ್ಲಿ ಚೀನಾದಿಂದ ಬಂದ ಪ್ರಯೋಗದಲ್ಲಿ ಬಿಪಿ ಇದ್ದ 20,702 ಜನರಿಗೆ ಬಿಪಿ ಮಾತ್ರೆಯನ್ನು ಒಂಟಿಯಾಗಿ, ಅಥವಾ ಅದರ ಜೊತೆ ಫೋಲಿಕ್ ಆಮ್ಲ ಸೇರಿಸಿ ಕೊಟ್ಟರು. ಮೊದಲ ಪಾರ್ಶ್ವವಾಯು ಆದವರು ಬರೀ ಬಿಪಿ ಮಾತ್ರೆಯವರಲ್ಲಿ ಶೇ. 3.4, ಫೋಲಿಕ್ ಆಮ್ಲ ಸೇರಿಸಿದವರಲ್ಲಿ ಶೇ. 2.7. ಇದನ್ನು ಓದುವಾಗ ಒಂದು ಮಾತು ಗಮನಿಸಿ: ಎರಡೂ ಗುಂಪಿನವರು ಬಿಪಿ ಮಾತ್ರೆ ನುಂಗುತ್ತಲೇ ಇದ್ದರು. ಫೋಲಿಕ್ ಆಮ್ಲ ಅದರ ಜೊತೆಗೆ ಬಂತು, ಅದರ ಬದಲಿಗೆ ಅಲ್ಲ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಈ ಪ್ರಯೋಗಗಳು ನಮ್ಮಂಥ ಬಿ12 ಕೊರತೆಯ ಸಸ್ಯಾಹಾರಿಗಳನ್ನೇ ಆರಿಸಿ ಮಾಡಿದವಲ್ಲ. ಆನುವಂಶಿಕ ಕಾಯಿಲೆ ಇದ್ದು ಹೋಮೋಸಿಸ್ಟೀನ್ 100 ದಾಟಿದವರಿಗಂತೂ ಅದನ್ನು ಇಳಿಸಿದರೆ ರಕ್ತ ಹೆಪ್ಪುಗಟ್ಟುವುದು ನಿಜವಾಗಿಯೂ ಕಡಿಮೆಯಾಗುತ್ತದೆ. ಅವರ ಚಿಕಿತ್ಸೆಯೇ ಬೇರೆ. ಆದರೆ 20, 30, 40 ಎಂದು ಬರುವ ನಮ್ಮ ನಿಮ್ಮ ರಿಪೋರ್ಟುಗಳ ವಿಷಯದಲ್ಲಿ, ವಿಟಮಿನ್ ನುಂಗಿ ಸಂಖ್ಯೆ ಇಳಿಸಿಕೊಂಡರೆ ಹೃದಯಾಘಾತದಿಂದ ಪಾರಾದೆವು ಎಂದು ಹೇಳಲು ಆಧಾರವಿಲ್ಲ. ಅಮೆರಿಕದ ಹೃದ್ರೋಗ ತಜ್ಞರ ಸಂಘವೂ ಇದನ್ನು ಪ್ರಮುಖ ಅಪಾಯಕಾರಿ ಅಂಶಗಳ ಪಟ್ಟಿಗೆ ಸೇರಿಸಿಲ್ಲ.

ಹಾಗಾದರೆ ಬಿ12 ಯಾಕೆ ತೆಗೆದುಕೊಳ್ಳಬೇಕು? ನರಗಳಿಗಾಗಿ, ರಕ್ತಕ್ಕಾಗಿ, ನೆನಪಿನ ಶಕ್ತಿಗಾಗಿ, ಹುಟ್ಟುವ ಮಗುವಿಗಾಗಿ. ಅಮ್ಮನ ಪಾದದ ಜೋಮು ಇಳಿದದ್ದು ಸಣ್ಣ ಲಾಭವಲ್ಲ. ಹೋಮೋಸಿಸ್ಟೀನ್ ಎಂಬ ಕೆಂಪು ಅಕ್ಷರ ನಮಗೆ ಮಾಡಿದ ಉಪಕಾರ ಅದು: ವರ್ಷದಿಂದ ಅಡಗಿದ್ದ ಕೊರತೆಯನ್ನು ತೋರಿಸಿತು. ಅದನ್ನು ಹೃದಯದ ಪ್ರಮಾಣಪತ್ರ ಎಂದು ಓದಿದ್ದು ನಮ್ಮ ತಪ್ಪು.

ಹಾಸನದ ವಿಷಯದಲ್ಲೂ ಕೊನೆಗೆ ಆದದ್ದು ಇದೇ. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ತಜ್ಞರ ಸಮಿತಿ ಮಾಡಿತು. 2025ರ ಜುಲೈನಲ್ಲಿ ವರದಿ ಬಂತು. ಹೃದಯದ ಸಾವುಗಳು ದಿಢೀರನೆ ಏರಿಲ್ಲ ಎಂದು ಸಮಿತಿ ಹೇಳಿತು. ಎಲ್ಲರೂ ಹುಡುಕುತ್ತಿದ್ದ ನಿಗೂಢ ಕಾರಣ ಯಾವುದೂ ಸಿಗಲಿಲ್ಲ. ಎದ್ದು ಕಂಡದ್ದು ಹಳೆಯ ಹೆಸರುಗಳೇ: ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯ. ಹೊಸ ಹೆಸರಿನ ಪರೀಕ್ಷೆಗೆ ದುಡ್ಡು ಕೊಡಲು ನಾವು ತಯಾರು. ಹಳೆಯ ಹೆಸರಿನ ಮಾತ್ರೆ ನುಂಗಲು ಬೇಸರ.

ಈಗ ಮನೆಗೆ ಒಯ್ಯಲು ಕೆಲವು ಮಾತು.

ಮೊದಲನೆಯದು ಪರೀಕ್ಷೆಯ ಬಗ್ಗೆ. ಎಲ್ಲರೂ ಹೋಮೋಸಿಸ್ಟೀನ್ ಪರೀಕ್ಷೆ ಮಾಡಿಸಬೇಕಾಗಿಲ್ಲ. ಚಿಕ್ಕ ವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟಿದ್ದರೆ, ಬಿ12 ಕೊರತೆ ಇದೆಯೋ ಇಲ್ಲವೋ ಎಂಬ ಅನುಮಾನ ಇದ್ದರೆ ಡಾಕ್ಟರೇ ಹೇಳುತ್ತಾರೆ. ಮಾಡಿಸುವುದಾದರೆ ರಕ್ತ ತೆಗೆದ ಮೇಲೆ ಅದು ಮಂಜುಗಡ್ಡೆಯ ಮೇಲಿರಬೇಕು, ಗಂಟೆಯೊಳಗೆ ರಕ್ತಕಣಗಳನ್ನು ಬೇರ್ಪಡಿಸಬೇಕು. ಇಲ್ಲದಿದ್ದರೆ ಟ್ಯೂಬಿನೊಳಗೇ ಕೆಂಪು ರಕ್ತಕಣಗಳು ಹೋಮೋಸಿಸ್ಟೀನ್ ಬಿಡುತ್ತಾ ಹೋಗಿ ಸಂಖ್ಯೆ ಸುಳ್ಳಾಗಿ ಏರುತ್ತದೆ. ನಮ್ಮ ಗುರುಗ್ರಾಮದ ಜೂನ್ ಬಿಸಿಲಿನಲ್ಲಿ, ಸ್ಕೂಟರಿನಲ್ಲಿ ಐದಾರು ಮನೆ ಸುತ್ತಿ ಹೋಗುವ ಬ್ಯಾಗಿನಲ್ಲಿ ಆ ಟ್ಯೂಬು ಹೇಗಿರುತ್ತದೆ, ಯೋಚಿಸಿ. ಮನೆಗೆ ಬಂದ ಹುಡುಗನನ್ನು “ಐಸ್ ಬಾಕ್ಸ್ ಇದೆಯೇನಪ್ಪಾ?” ಎಂದು ಕೇಳಿ. ಸಾಧ್ಯವಾದರೆ ಲ್ಯಾಬಿಗೇ ಹೋಗಿ ಕೊಡಿ.

ಎರಡನೆಯದು, ಸಂಖ್ಯೆ ಹೆಚ್ಚಿದ್ದರೆ ಬಿ12 ಒಂದೇ ಕಾರಣವಲ್ಲ. ಥೈರಾಯ್ಡ್ ಕಡಿಮೆ ಇರುವವರಲ್ಲಿ ಏರುತ್ತದೆ. ನಮ್ಮ ಹೆಂಗಸರಲ್ಲಿ ಇದು ಎಷ್ಟು ಸಾಮಾನ್ಯ ಎಂದು ನಿಮಗೇ ಗೊತ್ತು. ಮೂತ್ರಪಿಂಡ ಸೋತವರಲ್ಲಿ ಏರುತ್ತದೆ. ಧೂಮಪಾನದಿಂದ, ಮುಟ್ಟು ನಿಂತ ಮೇಲೆ, ವಯಸ್ಸಾದಂತೆ ಏರುತ್ತದೆ. ತುಂಬಾ ಕಾಫಿ ಕುಡಿಯುವವರಲ್ಲೂ ಸ್ವಲ್ಪ ಹೆಚ್ಚಿರುತ್ತದೆ. ಗಾಬರಿ ಬೇಡ, ಬೆಳಗಿನ ಒಂದು ಲೋಟ ಫಿಲ್ಟರ್ ಕಾಫಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಅಂಗಡಿಯಲ್ಲಿ ವಿಟಮಿನ್ ಡಬ್ಬಿ ಕೊಳ್ಳುವ ಮೊದಲು ಕಾರಣ ಹುಡುಕಿಸಿ.

ಮೂರನೆಯದು ಊಟ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಎರಡರಿಂದ ಎರಡೂವರೆ ಮೈಕ್ರೊಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೊಗ್ರಾಂ ಇರುತ್ತದೆ, ಮತ್ತೆ ಮತ್ತೆ ಕುದಿಸಿದರೆ ಇನ್ನೂ ಕಡಿಮೆ. ಕಾಫಿಗೆ ಹಾಕಿದ ಹಾಲು, ನೀರು ಮಜ್ಜಿಗೆ ಲೆಕ್ಕಕ್ಕೆ ಬರುವುದಿಲ್ಲ. ಇಡ್ಲಿ ಹಿಟ್ಟು ಹುದುಗುವುದರಿಂದ ನಂಬಿಕೊಳ್ಳುವಷ್ಟು ಬಿ12 ಸಿಗುವುದಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಿ12 ಹೋಲುವ ವಸ್ತು, ನಮ್ಮ ದೇಹಕ್ಕೆ ಉಪಯೋಗವಿಲ್ಲ. ಮೊಟ್ಟೆ, ಮೀನು ತಿನ್ನುವವರಿಗೆ ಸುಲಭ. ತಿನ್ನದವರು ಹಾಲು, ಮೊಸರು ಸರಿಯಾಗಿ ತೆಗೆದುಕೊಳ್ಳಲಿ. ಸಾಲದಿದ್ದರೆ ಮಾತ್ರೆ ತೆಗೆದುಕೊಳ್ಳುವುದು ಅವಮಾನವಲ್ಲ. ಫೋಲೇಟಿಗೆ ನಮ್ಮಲ್ಲಿ ಬರವಿಲ್ಲ: ಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆ. ಫೋಲೇಟ್ ಬೇಯಿಸಿದ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲದೆ ಬಸಿದು ಸಾರು ಮಾಡುವ ಬಸ್ಸಾರು ಕಂಡುಹಿಡಿದ ಅಜ್ಜಿಯರಿಗೆ ನಾನು ಕೈಮುಗಿಯುತ್ತೇನೆ.

ನಾಲ್ಕನೆಯದು, ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವ ಅಮ್ಮ, ಅತ್ತೆ, ಮಾವ ಮನೆಯಲ್ಲಿದ್ದರೆ ಬಿ12 ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನನ್ನು ನೀವಾಗಿಯೇ ನಿಲ್ಲಿಸಬೇಡಿ. ಗ್ಯಾಸ್ ಮಾತ್ರೆ ಇನ್ನೂ ಬೇಕೇ ಎಂದು ಡಾಕ್ಟರನ್ನು ಕೇಳಿ. ಕೈಕಾಲು ಜೋಮು, ನಡೆಯುವಾಗ ತೂರಾಟ, ಮರೆವು, ನಾಲಿಗೆ ಉರಿ ಇದ್ದರೆ ವಯಸ್ಸಾಯಿತು ಎಂದು ಬಿಡಬೇಡಿ.

ಐದನೆಯದು, ನಾನು ಇಷ್ಟು ಹೊತ್ತು ಮಾತಾಡಿದ್ದೇ ಇದಕ್ಕಾಗಿ. ಹೃದಯಕ್ಕೆ ನೋಡಬೇಕಾದದ್ದು ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ತಂಬಾಕು, ಸೊಂಟದ ಸುತ್ತಳತೆ, ದಿನದ ನಡಿಗೆ. ಈ ಪಟ್ಟಿ ಹಳೆಯದು, ಆದರೆ ಇವನ್ನು ಹತೋಟಿಯಲ್ಲಿಟ್ಟರೆ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿ. ಬಿಪಿ ಮಾತ್ರೆ ನುಂಗಿದ್ದರಿಂದಲೇ ಬಿಪಿ ಸರಿ ಇದೆ; ಸರಿ ಇದೆ ಎಂದು ಮಾತ್ರೆ ಬಿಡಬಾರದು. ಹೆಂಗಸರಲ್ಲಿ ಹೃದಯಾಘಾತ ಯಾವಾಗಲೂ ಸಿನಿಮಾದಂತೆ ಎದೆ ಹಿಡಿದುಕೊಂಡು ಬರುವುದಿಲ್ಲ. ಉಸಿರು ಕಟ್ಟುವುದು, ದವಡೆ, ಬೆನ್ನು, ಭುಜದ ನೋವು, ವಾಕರಿಕೆ, ತಣ್ಣನೆ ಬೆವರು, ಕಾರಣವಿಲ್ಲದ ಸುಸ್ತು, ಹೀಗೂ ಬರಬಹುದು. ‘ಗ್ಯಾಸ್ ಇರಬೇಕು, ಕುಕ್ಕರ್ ಇಳಿಸಿ ನೋಡೋಣ’ ಎಂದು ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಊರಿನಲ್ಲಿರುವ ಅಪ್ಪ ಅಮ್ಮನಿಗೂ ಹೇಳಿ: ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಈಗ ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಬೆಳಿಗ್ಗೆ, ರಾತ್ರಿ ಎಂದು ಎರಡು ಕಾಲಂ. ಮಾತ್ರೆ ನುಂಗಿದ ಮೇಲೆ ಅಮ್ಮ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ವಾರಕ್ಕೆರಡು ಸಲ ಬಿಪಿ ನೋಡಿ ಬರೆಯುತ್ತೇವೆ. ಬಿ12 ಮಾತ್ರೆಗೂ ಅದರಲ್ಲಿ ಜಾಗ ಇದೆ, ಕೊನೆಯ ಸಾಲಿನಲ್ಲಿ. ಹೋದ ವಾರ ಬಿಪಿ 132/80 ಇತ್ತು. ನಾನು ಖುಷಿಯಿಂದ ಏನೋ ಹೇಳಲು ಬಾಯಿ ತೆರೆದೆ.

“ಸರಿಯಾಯ್ತು ಅನ್ಬೇಡ ಕಣೇ,” ಅಂದರು ಅಮ್ಮ. “ಸದ್ಯಕ್ಕೆ ಸರಿ ಇದೆ ಅನ್ನು.”

ನೀವು ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅಮ್ಮನಿಗೋ ಅತ್ತೆಗೋ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ಬಿಪಿ ಮಾತ್ರೆ ತಗೊಂಡ್ರಾ? ಆಮೇಲೆ ನಿಮ್ಮ ಬಿಪಿ ಕೊನೆಯ ಸಲ ಯಾವಾಗ ನೋಡಿಸಿಕೊಂಡಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.